ಯಾರ ಕೈಗೆ ಮಗು

ನವೆಂಬರ್ ೬, ಸೋಮವಾರ

ಇವತ್ತಿನಿಂದ ದಿನಚರಿ. ಬೈಯುವುದಕ್ಕೆ ನನಗೊಂದು ಜಾಗ ಬೇಕು. ಕಚೇರಿಯಲ್ಲಿ ಬೈದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಬೈದರೆ ಬೋಮಿ ಕಲಿಯುತ್ತಾಳೆ. ಅವಳಪ್ಪನಿಗೆ ನಾನಿಟ್ಟ ಹೆಸರುಗಳನ್ನು ಐದು ವರ್ಷದ ಮಗಳ ಬಾಯಲ್ಲಿ ಕೇಳುವ ಆಸೆ ನನಗಿಲ್ಲ.

ಹೊಸ ಕೆಲಸ ಬಂದಿದೆ. ಶಿಶುವಿಹಾರಗಳ ಬಾಗಿಲಿಗೆ ಒಂದು ಪ್ರೋಗ್ರಾಂ. ಸಂಜೆ ಮಗುವನ್ನು ಕರೆದೊಯ್ಯಲು ಬಂದವರು ಬಾಗಿಲ ಬಳಿಯ ಪರದೆಗೆ ಫೋನ್ ಹಿಡಿಯಬೇಕು. ಅನುಮತಿ ಇದ್ದರೆ ಹಸಿರು, ಟೀಚರ್ ಮಗುವನ್ನು ಕಳಿಸುತ್ತಾರೆ. ಇಲ್ಲದಿದ್ದರೆ ಕೆಂಪು. ನಮ್ಮ ಮುಖ್ಯಸ್ಥ ಬಾಂಗ್ ಸರ್ ನನ್ನ ಮೇಜಿನ ಮೇಲೆ ಕಾಫಿ ಇಟ್ಟು, "ಸುಲ್ಗಿ, ಯಾರನ್ನ ಒಳಗೆ ಬಿಡ್ಬೇಕು, ಯಾರನ್ನ ಬಿಡ್ಬಾರ್ದು ಅಂತ ನಿನ್ನಷ್ಟು ಚೆನ್ನಾಗಿ ಯಾರೂ ಬರೆಯಲ್ಲ. ಡೇಜಾನ್ ಊರಲ್ಲೇ ನಿನ್ನಂಥ ಅನುಮಾನದ ಹೆಂಗಸು ಇನ್ನೊಬ್ಬಳಿಲ್ಲ ಕಣಮ್ಮ," ಎಂದರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ಕಾಫಿ ಕುಡಿದೆ.

ಮೊದಲ ಪ್ರಯೋಗ ಬೋಮಿಯ ಶಿಶುವಿಹಾರದಲ್ಲೇ. ನಾನೇ ಮಾತಾಡಿ ಒಪ್ಪಿಸಿದ್ದು.

ಸಂಜೆ ಏಳೂವರೆಗೆ ಅಲ್ಲಿಗೆ ಓಡಿದೆ. ಉಳಿದಿದ್ದ ಮಗು ಬೋಮಿ ಒಬ್ಬಳೇ. ಕೋಟು ಹಾಕಿಕೊಂಡು, ಬೂಟು ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಮುಖ್ಯ ಟೀಚರ್ ತಾಕ್, "ಆರು ಗಂಟೆಯಿಂದ ಹೀಗೇ ಕೂತಿದಾಳೆ ಬೋಮಿ ಅಮ್ಮ. ತೆಗಿ ಅಂದ್ರೆ ತೆಗಿಯಲ್ಲ," ಎಂದರು. ಅವರು ಬೈದಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ನವೆಂಬರ್ ೯, ಗುರುವಾರ

ಪ್ರೋಗ್ರಾಮಿನ ನಕ್ಷೆ ಮುಗಿಯಿತು. ನನ್ನ ಕೆಲಸದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಇಲ್ಲಿ ಕೇಳುವವರು ಯಾರಿದ್ದಾರೆ? ಸೊಗಸಾಗಿದೆ.

ನಮ್ಮ ಕಸುಬಿನಲ್ಲಿ ಲೋಕವನ್ನು ವರ್ಗಗಳಾಗಿ ಒಡೆಯುತ್ತೇವೆ. ಮೇಲೆ 'ವ್ಯಕ್ತಿ', ಅದರ ಕೆಳಗೆ 'ಪಾಲಕ', ಅದರ ಕೆಳಗೆ 'ಅಪ್ಪ' ಮತ್ತು 'ಅಮ್ಮ'. ಮೇಲಿನವರಿಗೆ ಏನೇನು ಸಲ್ಲುತ್ತದೋ ಅದು ಕೆಳಗಿನವರಿಗೆ ಬಳುವಳಿಯಾಗಿ ಬರುತ್ತದೆ. ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಇವರನ್ನೆಲ್ಲ ಅಪ್ಪನ ಕಡೆಯವರು, ಅಮ್ಮನ ಕಡೆಯವರು ಎಂದು ಎರಡು ಪಾಲು ಮಾಡಿ ಒಂದನ್ನು ಅಪ್ಪನಿಗೆ, ಇನ್ನೊಂದನ್ನು ಅಮ್ಮನಿಗೆ ತೂಗುಹಾಕಿದೆ. ಮದುವೆ ಛತ್ರದಲ್ಲಿ ವರನ ಕಡೆ, ವಧುವಿನ ಕಡೆ ಎಂದು ಕುರ್ಚಿ ಹಾಕುವ ಹಾಗೆ. ನಮ್ಮಲ್ಲಿ ಅಪ್ಪನ ತಾಯಿಗೊಂದು, ಅಮ್ಮನ ತಾಯಿಗೊಂದು ಎಂದು ಅಜ್ಜಿಗೇ ಎರಡು ಹೆಸರಿರುವಾಗ ಪ್ರೋಗ್ರಾಂ ಬೇರೆ ಹೇಗಿದ್ದೀತು?

ಮೊದಲ ಮಾದರಿಯಾಗಿ ನಮ್ಮ ಮನೆಯದನ್ನೇ ತುಂಬಿಸಿದೆ. ಬೋಮಿಯ ಅಪ್ಪನ ಹೆಸರಿನ ಮುಂದೆ 'ರದ್ದು' ಎಂದು ಒತ್ತಿದೆ. ಜೇವುಕ್ ಬೂದು ಬಣ್ಣಕ್ಕೆ ತಿರುಗಿದ. ಅವನಿಗೆ ತೂಗುಹಾಕಿದ್ದ ಅವನ ತಾಯಿಯೂ ತಾನಾಗಿಯೇ ಬೂದಾದಳು. ಒಂದೇ ಏಟಿಗೆ ಇಬ್ಬರೂ. ಇಷ್ಟು ಅಚ್ಚುಕಟ್ಟಾದ ಪ್ರೋಗ್ರಾಂ ನಾನು ಬರೆದೇ ಇರಲಿಲ್ಲ.

ಅವಳನ್ನು ಇನ್ನು ಅತ್ತೆ ಎನ್ನುವುದಿಲ್ಲ. ಜೇವುಕ್ ಎರಡು ವರ್ಷದ ಹಿಂದೆ ವಿಯೆಟ್ನಾಮಿನ ಕಾರ್ಖಾನೆಗೆ ಹೋದ, ಅಲ್ಲೊಂದು ಸಂಸಾರ ಹೂಡಿದ. ಅದು ಅವನ ತಾಯಿಗೆ ವಸಂತದಲ್ಲೇ ಗೊತ್ತಾಗಿತ್ತು. ಆದರೂ ದಿನಾ ನಾಲ್ಕು ಗಂಟೆಗೆ ಬೋಮಿಯನ್ನು ತನ್ನ ಮನೆಗೆ ಕರೆದೊಯ್ದು, ಉಣಿಸಿ, ನಾನು ಹೋದಾಗ "ದಣಿದು ಬಂದಿದೀಯ, ಕೂತ್ಕೋ" ಎಂದು ನನಗೂ ಬಡಿಸುತ್ತಿದ್ದಳು. ನನಗೆ ತಿಳಿದದ್ದು ಬೇಸಿಗೆಯ ಕೊನೆಗೆ, ಆಗಸ್ಟಿನಲ್ಲಿ, ಬೇರೆಯವರ ಬಾಯಿಂದ. ಅವನು ಮಾಡಿದ್ದನ್ನು ನೆನೆದರೆ ಅಸಹ್ಯವಾಗುತ್ತದೆ. ಆ ಅನ್ನ ಉಂಡದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಸೆಪ್ಟೆಂಬರಿನಲ್ಲಿ ವಿಚ್ಛೇದನವಾಯಿತು. ಅಂದಿನಿಂದ ಅವಳು ಬೋಮಿಯನ್ನು ನೋಡಿಲ್ಲ. ನಾನು ಬಿಟ್ಟಿಲ್ಲ.

ನವೆಂಬರ್ ೧೩, ಸೋಮವಾರ

ಕೆಳಗಿನ ಕಾವಲುಗಾರ ತಾತ ಕೂಗಿ ಕರೆದು ಒಂದು ಡಬ್ಬಿ ಕೊಟ್ಟರು. ಜೇವುಕನ ತಾಯಿ ಬಂದು ಇಟ್ಟು ಹೋದಳಂತೆ. ಓಕ್ ಕಾಯಿಯ ಹಿಟ್ಟು ಕಾಸಿ ಹೆಪ್ಪು ಹಾಕಿದ ಮುಕ್. ಬೋಮಿಗೆ ಅದೆಂದರೆ ಪ್ರಾಣ.

ಬೋಮಿ ನೋಡದ ಹಾಗೆ ಎಸೆದೆ.

ನವೆಂಬರ್ ೧೬, ಗುರುವಾರ

ಕಾಲೇಜು ಪ್ರವೇಶ ಪರೀಕ್ಷೆಯ ದಿನ. ಪರೀಕ್ಷೆಗೆ ಹೋಗುವವರಿಗೆ ರಸ್ತೆ ತೆರವಿರಲೆಂದು ಇವತ್ತು ಕಚೇರಿ ಹತ್ತಕ್ಕೆ. ಬಸ್ಸಿನಲ್ಲಿ ಎಲ್ಲರೂ ಪಿಸುಗುಟ್ಟುತ್ತಾ ಮಾತಾಡುತ್ತಿದ್ದರು, ಪರೀಕ್ಷೆ ಅಲ್ಲೇ ನಡೆಯುತ್ತಿರುವ ಹಾಗೆ.

ಬೋಮಿ ಕೇಳಿದಳು: "ಅಜ್ಜಿಗೂ ಪರೀಕ್ಷೆನಾ?"

"ಯಾಕೆ?"

"ಬರ್ತಾನೇ ಇಲ್ವಲ್ಲ. ಓದ್ಕೋತಿದಾಳಾ?"

ಹೂಂ ಎಂದೆ. ಏನು ಹೇಳಬೇಕಿತ್ತು? "ಪಾಸಾದ್ಮೇಲೆ ಬರ್ತಾಳೆ ಬಿಡು," ಎಂದು ಅವಳೇ ಸಮಾಧಾನ ಹೇಳಿದಳು, ನನಗೆ.

ನವೆಂಬರ್ ೨೮, ಮಂಗಳವಾರ

ನಿನ್ನೆ ಶಿಶುವಿಹಾರದ ಬಾಗಿಲಿಗೆ ಪರದೆ ಕೂರಿಸಿದರು. ಒಂದು ದೂರೂ ಇಲ್ಲ. ಬಾಂಗ್ ಸರ್ ನನ್ನನ್ನು ಕರೆದೊಯ್ದು ಬಿಸಿ ಬಿಸಿ ಕಲ್ಗುಕ್ಸು, ಸಾರಿನಲ್ಲಿ ಬೆಂದ ಶಾವಿಗೆ, ಕೊಡಿಸಿದರು. ಅದನ್ನು ಸೊರ್ರನೆ ಹೀರುತ್ತಾ, "ಇಷ್ಟು ಸಲೀಸಾಗಿ ನಡೀತಿದೆ ಅಂದ್ರೆ ಎಲ್ಲೋ ಏನೋ ಕೊಳೀತಿದೆ," ಎಂದರು. ಒಳ್ಳೆಯ ಮಾತು ಆ ಬಾಯಲ್ಲಿ ಬರುವುದೇ ಇಲ್ಲ.

ಡಿಸೆಂಬರ್ ೧, ಶುಕ್ರವಾರ

ಕೊಳೆತಿತ್ತು.

ಸಂಜೆ ಐದಕ್ಕೆ ತಾಕ್ ಟೀಚರ್ ಫೋನ್. "ಬೋಮಿ ಅಮ್ಮ, ನಿಮ್ಮ ಪರದೆ ಒಬ್ಬರು ಅಜ್ಜೀನ ಒಳಗೆ ಬಿಡ್ತಿಲ್ಲ. ದಯವಿಟ್ಟು ಬೇಗ ಬನ್ನಿ." ಕಚೇರಿಯಿಂದ ಎರಡು ಬೀದಿ, ಓಡಿಯೇ ಹೋದೆ.

ಉಜಿನ್ ಎಂಬ ಹುಡುಗನ ಅಜ್ಜಿ, ಅವನಪ್ಪನ ತಾಯಿ. ಹುಡುಗನ ತಂದೆ ಆರು ತಿಂಗಳ ಹಡಗಿನ ಕೆಲಸಕ್ಕೆ ಹೋಗಿದ್ದಾನೆ. ಅವನಂತೂ ಬರುವುದಿಲ್ಲವಲ್ಲ ಎಂದು ತಾಯಿ ಬೆಳಿಗ್ಗೆ ಅವನ ಹೆಸರಿಗೆ 'ರದ್ದು' ಒತ್ತಿದ್ದಾಳೆ. ಅವನಿಗೆ ತೂಗುಹಾಕಿದ್ದ ಅಜ್ಜಿಯೂ ಹೋದಳು. ತಾಯಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ನರ್ಸ್, ಫೋನ್ ಎತ್ತುವ ಹಾಗಿಲ್ಲ. ಗಾಜಿನ ಬಾಗಿಲಿನ ಈಚೆ ಅಜ್ಜಿ, ಆಚೆ ಹುಡುಗ. ಅವನು ಗಾಜಿಗೆ ಮೂಗು ಒತ್ತಿ ಅಳುತ್ತಿದ್ದ. ಅಜ್ಜಿ ಇತ್ತ ಕಡೆಯಿಂದ ಅವನ ಮೂಗು ಒರೆಸುವ ಹಾಗೆ ಗಾಜನ್ನು ಒರೆಸುತ್ತಿದ್ದರು.

"ನನಗೆ ಅವರು ಚೆನ್ನಾಗಿ ಗೊತ್ತು," ಎಂದರು ತಾಕ್ ಟೀಚರ್. "ಆದ್ರೆ ಕೆಂಪು ಬಂದ್ಮೇಲೆ ಕಳಿಸಿದ್ರೆ ನಾಳೆ ನನ್ನ ಕುತ್ತಿಗೆಗೇ ಬರತ್ತೆ."

ಅಜ್ಜಿ ನನ್ನ ಕಡೆ ತಿರುಗಿದರು. "ನೀನೇನಾ ಇದನ್ನ ಮಾಡಿದ್ದು? ಹುಟ್ಟಿದಾಗಿಂದ ಎತ್ತಿ ಆಡ್ಸಿದ್ದು ನಾನು. ನನ್ನ ಮಗ ಹಡಗು ಹತ್ತಿದ ಅಂತ ನಾನು ಅಜ್ಜಿ ಅಲ್ದೆ ಹೋಗ್ಬಿಟ್ನಾ? ನಾನೇನು ಅವನ ಬಾಲನಾ?"

ಕ್ಷಮಿಸಿ ಎಂದೆ. ಇನ್ನೊಮ್ಮೆ ಎಂದೆ. ತಾಯಿ ಫೋನ್ ಮಾಡಿ ಒಪ್ಪುವ ಹೊತ್ತಿಗೆ ಬೀದಿ ದೀಪ ಹತ್ತಿತ್ತು. ಚಳಿಗೆ ಅಜ್ಜಿಯ ಕೈ ಕೆಂಪಾಗಿತ್ತು. ಹುಡುಗ ಓಡಿ ಬಂದು ಅವರ ಸೆರಗಿನಂಥ ಶಾಲಿನೊಳಗೆ ತಲೆ ತೂರಿಸಿದ. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಬಾಂಗ್ ಸರ್ ಇಷ್ಟೇ ಹೇಳಿದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಅಲ್ವಾ ಸುಲ್ಗಿ? ಸರಿ ಮಾಡು."

ಡಿಸೆಂಬರ್ ೫, ಮಂಗಳವಾರ

ಎಲ್ಲ ಕೆಡವಿ ಮತ್ತೆ ಕಟ್ಟುತ್ತಿದ್ದೇನೆ. ಬೈಯಲು ಪುರುಸೊತ್ತಿಲ್ಲ.

ತಪ್ಪು ಎಲ್ಲಿತ್ತೆಂದರೆ, ಅನುಮತಿಯನ್ನು ನಾನು ಮನುಷ್ಯರ ಹೊಟ್ಟೆಯೊಳಗೆ ಇಟ್ಟಿದ್ದೆ. ಅಪ್ಪನಾಗಿ ಹುಟ್ಟಿದರೆ ಇಷ್ಟು, ಅಪ್ಪನ ಕಡೆಯವರಾಗಿ ಹುಟ್ಟಿದರೆ ಇಷ್ಟು. ಈಗ ಅದನ್ನು ಹೊರತೆಗೆದು ಅದಕ್ಕೇ ಒಂದು ವರ್ಗ ಮಾಡಿದೆ. ಒಂದೊಂದು ಅನುಮತಿಯೂ ಒಂದೊಂದು ಬಿಡಿ ವಸ್ತು. ಅದರ ಒಂದು ತುದಿಯಲ್ಲಿ ಮಗು, ಇನ್ನೊಂದು ತುದಿಯಲ್ಲಿ ಒಬ್ಬ ದೊಡ್ಡವರು. ನಡುವೆ ಏನು ಮಾಡಬಹುದು, ಯಾವ ದಿನ, ಎಲ್ಲಿಯವರೆಗೆ, ಕೊಟ್ಟವರು ಯಾರು ಎಂಬ ವಿವರ. ಫೋಟೋ ನೋಡಲು ಬೇರೆ, ಊಟದ ವಿಷಯ ತಿಳಿಯಲು ಬೇರೆ, ಕರೆದೊಯ್ಯಲು ಬೇರೆ. ಯಾರು ಯಾರ ಮಗ, ಯಾರು ಯಾರ ಸೊಸೆ ಎಂದು ಅದು ಕೇಳುವುದಿಲ್ಲ. ಒಂದನ್ನು ಕಡಿದರೆ ಇನ್ನೊಂದು ಕಡಿಯುವುದಿಲ್ಲ.

ಬಾಂಗ್ ಸರ್ ನೋಡಿ, "ಅಂದ್ರೆ ಮಗ ಹಾಳಾಗಿ ಹೋದ್ರೂ ಅಜ್ಜಿ ಅಜ್ಜೀನೇ ಅಂತಾಯ್ತು," ಎಂದರು. ಉಜಿನನ ಮನೆಯ ವಿಷಯವೇ ಹೇಳಿದ್ದು. ಬೇರೇನೂ ಅಲ್ಲ.

ಡಿಸೆಂಬರ್ ೭, ಗುರುವಾರ

ಮತ್ತೆ ಮುಕ್ ಬಂತು. ಮನೆಯಲ್ಲಿ ಬೇರೇನೂ ಇರಲಿಲ್ಲ, ಬೋಮಿಗೆ ಹಸಿವು. ಸೋಯಾ ರಸ, ಈರುಳ್ಳಿ ಸೊಪ್ಪು ಹಾಕಿ ತಿಂದೆವು. ಒಳ್ಳೆ ಪದಾರ್ಥ ಹಾಳು ಮಾಡಬಾರದು, ಅಷ್ಟೇ.

ಡಿಸೆಂಬರ್ ೧೧, ಸೋಮವಾರ

ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಬಗೆಬಗೆಯ ಮನೆಗಳನ್ನು ಕಲ್ಪಿಸಿ, ಪ್ರತಿಯೊಂದಕ್ಕೂ ಬರಬೇಕಾದ ಉತ್ತರ ಬರೆದಿಡುವುದು ನಮ್ಮ ಪದ್ಧತಿ. ಬಾಂಗ್ ಸರ್ ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾ ಹೋದರು. ಒಂದು ಕಡೆ ನಿಂತರು.

"ತಂದೆ ತಾಯಿ ಬೇರೆ ಆಗಿದಾರೆ. ತಂದೆ ಅನುಮತಿ ರದ್ದು. ತಂದೆಯ ತಾಯಿ ಬಾಗಿಲಿಗೆ ಬರ್ತಾಳೆ. ಉತ್ತರ: ಕೆಂಪು." ಕನ್ನಡಕ ಹಣೆಗೇರಿಸಿದರು. "ಇದನ್ನ ಹೇಳಿದ್ದು ಯಾರು? ತಾಕ್ ಟೀಚರಾ?"

"ಯಾರೂ ಹೇಳಿಲ್ಲ ಸರ್. ಅದು ಸಹಜ ಅಲ್ವಾ?"

"ಹಡಗಿಗೆ ಹೋದೋನ ತಾಯಿಗೆ ಕೆಂಪು ಬಂದ್ರೆ ಅದು ತಪ್ಪು. ಬಿಟ್ಟುಹೋದೋನ ತಾಯಿಗೆ ಬಂದ್ರೆ ಸಹಜ. ಹೇಗೆ?"

"ಎರಡೂ ಬೇರೆ ಬೇರೆ ಸರ್."

"ನನಗೂ ನಿನಗೂ ಬೇರೆ. ಪ್ರೋಗ್ರಾಮಿಗೆ ಹೇಗಮ್ಮ ಗೊತ್ತಾಗತ್ತೆ? ಇದು ನಿಯಮಾನೋ, ಯಾರದೋ ಸಿಟ್ಟೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನನಗ್ಯಾವ ಸಿಟ್ಟೂ ಇಲ್ಲ," ಎಂದು ಜೋರಾಗಿಯೇ ಹೇಳಿಬಿಟ್ಟೆ. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಬಾಂಗ್ ಸರ್ ಪುಟವನ್ನು ನನ್ನ ಕಡೆ ಸರಿಸಿ ಹೋದರು. ಮಾತಾಡುವ ಬಾಂಗ್ ಸರ್‌ಗಿಂತ ಮಾತಾಡದ ಬಾಂಗ್ ಸರ್ ಕಷ್ಟ.

ಊಟಕ್ಕೆ ಹೋಗದೆ ಕೂತು ಯೋಚಿಸಿದೆ. ಆ ಉತ್ತರ ನಾನು ಬರೆಯುವಂಥದ್ದಲ್ಲ, ಎಲ್ಲ ಮನೆಗಳಿಗೂ ಸೇರಿಸಿ ಯಾರೂ ಬರೆಯುವಂಥದ್ದಲ್ಲ. ಮಗುವನ್ನು ಬಲ್ಲವರೊಬ್ಬರು ಬಂದು, ಅವರ ಹೆಸರಿನಲ್ಲಿ ಅನುಮತಿ ಇಲ್ಲದಿದ್ದರೆ, ಇನ್ನು ಮೇಲೆ ಹಳದಿ ಬರುತ್ತದೆ. ತಾಯಿಯ ಫೋನ್ ಕೂಗುತ್ತದೆ. ಕೊಡುತ್ತೀರೋ ಇಲ್ಲವೋ ಎಂದು ಕೇಳುತ್ತದೆ. 'ಕೆಂಪು' ಎಂಬುದನ್ನು ಹೊಡೆದುಹಾಕಿ 'ತಾಯಿಯನ್ನು ಕೇಳು' ಎಂದು ಬರೆದೆ.

ತಾಯಿ ಏನು ಹೇಳಬೇಕೆಂಬುದನ್ನು ಪ್ರೋಗ್ರಾಂ ಹೇಳುವುದಿಲ್ಲ. ಅದು ನನ್ನ ಕೆಲಸವೂ ಅಲ್ಲ.

ಡಿಸೆಂಬರ್ ೧೮, ಸೋಮವಾರ

ಹೊಸ ಪ್ರೋಗ್ರಾಂ ಬಾಗಿಲಿಗೆ ಹೋಯಿತು. ಉಜಿನನ ಅಜ್ಜಿ ಹಸಿರು ಬಂದ ಕೂಡಲೇ ಪರದೆಗೆ ತಲೆಬಾಗಿ ವಂದಿಸಿದರಂತೆ. ಇಡೀ ದಿನ ನಗು ಬರುತ್ತಿತ್ತು.

ಡಿಸೆಂಬರ್ ೨೦, ಬುಧವಾರ

ಹೊಸ ಪರದೆ ನೋಡಲು ನಾಲ್ಕು ಗಂಟೆಗೇ ಶಿಶುವಿಹಾರಕ್ಕೆ ಹೋಗಿದ್ದೆ. ತಾಕ್ ಟೀಚರ್ ಎಲ್ಲ ಸರಿಯಿದೆ ಎಂದರು. ಆಮೇಲೆ, "ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ ಬೋಮಿ ಅಮ್ಮ. ಎದುರುಗಡೆ ನೋಡಿ," ಎಂದರು.

ರಸ್ತೆಯಾಚೆ ಬಸ್ ನಿಲ್ದಾಣ. ಅಲ್ಲಿ ಅತ್ತೆ ಕೂತಿದ್ದರು.

"ಮಕ್ಕಳು ಅಂಗಳಕ್ಕೆ ಬರೋ ಹೊತ್ತಿಗೆ ಬರ್ತಾರೆ. ನೋಡ್ತಾರೆ, ಹೋಗ್ತಾರೆ. ಈಗ ಹಳದಿ ಇದೆಯಲ್ಲ, ಬಂದು ಒಂದ್ಸಲ ಫೋನ್ ಹಿಡೀರಿ, ಕೇಳತ್ತೆ ಅಂದೆ. ಬೇಡ, ಅವಳಿಗೆ ಕೆಲಸದ ಮಧ್ಯ ತೊಂದರೆ ಅಂದ್ರು."

ಅವಳಿಗೆ ಎಂದರೆ ನನಗೆ. ರಸ್ತೆ ದಾಟಿದೆ. ಚಳಿಗಾಲಕ್ಕೆ ಆ ನಿಲ್ದಾಣದ ಬೆಂಚನ್ನು ಒಳಗಿನಿಂದ ಬಿಸಿ ಮಾಡಿರುತ್ತಾರೆ. ಅತ್ತೆ ನನ್ನನ್ನು ಕಂಡು ಎದ್ದರು, ಮತ್ತೆ ಕೂತರು.

"ಬೆಂಚು ಬೆಚ್ಚಗಿದೆ ಅಂತ ಕೂತೆ," ಎಂದರು.

"ಬಸ್ಸಿಗೆ ಕಾಯ್ತಿದೀರಾ?"

"ಹೂಂ."

"ಯಾವ ಬಸ್ಸು?"

"ಯಾವ್ದೋ ಒಂದು. ಬರತ್ತೆ."

ನಾನೂ ಕೂತೆ. ನಾಲ್ಕು ತಿಂಗಳಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಒಂದೇ ಸಾಲಿಗೆ ಬಂತು. "ಯಾಕೆ ಹೇಳ್ಲಿಲ್ಲ?"

ಅವರು ಅಂಗಳದ ಕಡೆಯೇ ನೋಡುತ್ತಿದ್ದರು. "ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ. ಹೇಳ್ದೆ ಇದ್ರೆ ಅವನಿಗೇ ಒಂದಿನ ಬುದ್ಧಿ ಬಂದು ವಾಪಸ್ ಬರ್ತಾನೆ, ನಿನಗೆ ಗೊತ್ತಾಗೋದೇ ಬೇಡ ಅಂದ್ಕೊಂಡೆ. ಮುದುಕಿ ಬುದ್ಧಿ. ತಪ್ಪಾಯ್ತು."

"ಮಗನ ಪರ ನಿಂತ್ರಿ."

"ನಿಂತೆ. ಹೆತ್ತಿದೀನಲ್ಲ, ಏನ್ಮಾಡ್ಲಿ. ನಿನ್ನ ವಿರುದ್ಧ ನಿಂತಿರ್ಲಿಲ್ಲ ಕಣೆ. ದಿನಾ ನಿನಗೆ ಅನ್ನ ಬಡಿಸ್ವಾಗ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಗ್ತಿತ್ತು. ಇವತ್ತು ಹೇಳ್ತೀನಿ ಅಂದ್ಕೊಳ್ತಿದ್ದೆ. ನೀನು ಹಸ್ಕೊಂಡು ಬಂದಿರ್ತಿದ್ದೆ. ಉಣ್ಲಿ ಮೊದ್ಲು ಅಂತ ಸುಮ್ನಾಗ್ತಿದ್ದೆ."

ನನಗೆ ಅಳು ಬಂತು. ಸಿಟ್ಟಿನಿಂದಲೇ ಬಂತು. "ನನಗೆ ಅನ್ನ ಬೇಕಿರ್ಲಿಲ್ಲ, ನಿಜ ಬೇಕಿತ್ತು," ಎಂದೆ. ಹೌದು ಎಂದರು. ಅವರು ವಾದ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಂದು ಬಸ್ಸು ಬಂದು ನಿಂತಿತು. ಅತ್ತೆ ಅದೇ ತಮ್ಮ ಬಸ್ಸು ಎನ್ನುವ ಹಾಗೆ ಹತ್ತಿ ಹೋಗಿಬಿಟ್ಟರು. ಅದು ಅವರ ಮನೆಯ ಕಡೆ ಹೋಗುವ ಬಸ್ಸಲ್ಲ, ರೈಲು ನಿಲ್ದಾಣಕ್ಕೆ ಹೋಗುವುದು.

ಕ್ಷಮಿಸಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ಡಿಸೆಂಬರ್ ೨೬, ಮಂಗಳವಾರ

ಬೋಮಿಗೆ ಕೆಮ್ಮು. ಇಬ್ಬರೂ ಮನೆಯಲ್ಲೇ. ಗೋಡೆಗೆ ಬೆನ್ನು ಕೊಟ್ಟು ಕೂತು, ಅವಳ ಅಜ್ಜಿ ಕೆಮ್ಮಿಗೆ ಏನು ಕುಡಿಸುತ್ತಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆವು. ಪೇರ್ ಹಣ್ಣು, ಜೇನು, ಶುಂಠಿ. ಇನ್ನೊಂದು ಏನೋ ಇತ್ತು. "ಫೋನ್ ಮಾಡಿ ಕೇಳು," ಎಂದಳು ಬೋಮಿ, ಲೋಕದಲ್ಲಿ ಅದಕ್ಕಿಂತ ಸುಲಭದ ಕೆಲಸವೇ ಇಲ್ಲವೆಂಬಂತೆ.

ಮಾಡಿದೆ. ಇನ್ನೊಂದು, ಮೆಣಸಿನ ಕಾಳು. ಅಷ್ಟೇ ಕೇಳಿ ಇಟ್ಟೆ.

ಜನವರಿ ೨, ಮಂಗಳವಾರ

ಶಿಶುವಿಹಾರಗಳು ಒಪ್ಪಿದವು. ಪ್ರೋಗ್ರಾಂ ಇನ್ನು ಊರೆಲ್ಲ ಹೋಗುತ್ತದೆ. ಬಾಂಗ್ ಸರ್ ಎಲ್ಲರೆದುರು, "ಸುಲ್ಗಿ ಬರೆದಿದ್ರಲ್ಲಿ ತಪ್ಪು ಹುಡುಕೋಕೆ ಹೋಗಿ ನನ್ನ ಕಣ್ಣಿನ ನಂಬರ್ ಏರ್ತು," ಎಂದರು. ಅದು ಹೊಗಳಿಕೆಯೇ. ಈಗ ನನಗೆ ತಿಳಿಯುತ್ತದೆ.

ಒಂದು ಸಣ್ಣ ವಿಷಯ. 'ವಾರದ ಕೆಲವು ದಿನ ಮಾತ್ರ' ಎಂಬ ಬಗೆಯ ಅನುಮತಿಯನ್ನು ಈವರೆಗೆ ಯಾವ ಮನೆಯವರೂ ಬಳಸಿಲ್ಲ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಯಾರಾದರೂ ನೋಡಬೇಕಲ್ಲ. ನಮ್ಮದರಲ್ಲೇ ಹಾಕಿ ನೋಡೋಣವೆಂದು ಒಂದು ಕೊಟ್ಟೆ. ಮಗು: ಬೋಮಿ. ದೊಡ್ಡವರು: ಅತ್ತೆ. ಮಂಗಳವಾರ ಮತ್ತು ಗುರುವಾರ. ಕೊಟ್ಟವರು: ನಾನು. 'ಎಲ್ಲಿಯವರೆಗೆ' ಎಂಬಲ್ಲಿ ಏನು ಹಾಕುವುದೋ ತೋಚಲಿಲ್ಲ, ಖಾಲಿ ಬಿಟ್ಟೆ. ಖಾಲಿ ಬಿಟ್ಟರೂ ನಡೆಯುವ ಹಾಗೆಯೇ ಅದನ್ನು ಬರೆದಿದ್ದೇನೆ.

ಅತ್ತೆಗೆ ಸಂದೇಶ ಕಳಿಸಿದೆ: ಗುರುವಾರದಿಂದ ಬೋಮಿಯನ್ನು ನೀವು ಕರೆದೊಯ್ಯಬಹುದು. "ಏನು ಅಡುಗೆ ಮಾಡ್ಲಿ?" ಎಂದು ಉತ್ತರ ಬಂತು.

ಜನವರಿ ೪, ಗುರುವಾರ

ನಾಲ್ಕು ಗಂಟೆಗೆ ಸಭೆಯಲ್ಲಿದ್ದೆ. ಫೋನ್ ನಡುಗಿತು: ಬೋಮಿ ಹೊರಟಳು, ಅಜ್ಜಿಯ ಜೊತೆ. ನಾನೇ ಬರೆದ ಸಾಲು. ಅದನ್ನು ಎಷ್ಟೋ ಸಲ ಪರೀಕ್ಷೆಗೆಂದು ನನಗೆ ನಾನೇ ಕಳಿಸಿಕೊಂಡಿದ್ದೇನೆ. ಓದಿ, ಮತ್ತೆ ಓದಿದೆ. ಬಾಂಗ್ ಸರ್ ಏನಾಯ್ತು ಎಂದರು. ಏನಿಲ್ಲ ಸರ್, ಸರಿಯಾಗಿ ನಡೀತಿದೆ ಎಂದೆ.

ಕೆಲಸ ಮುಗಿಸಿ ಅತ್ತೆಯ ಮನೆಗೆ ಹೋದೆ. ಬೇಸಿಗೆಯಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಮೂರನೇ ಮಹಡಿಯ ಬಾಗಿಲ ಮುಂದೆ ನಿಂತೆ. ಇದು ಜೇವುಕ್ ಬೆಳೆದ ಮನೆ. ನಾನು ಇಲ್ಲಿಗೆ ಬಂದದ್ದೂ, ಇಲ್ಲಿ ಉಂಡದ್ದೂ, ಎಲ್ಲ ಅವನ ಹೆಂಡತಿಯೆಂದು. ಈಗ ನಾನು ಯಾರು? ಬೋಮಿಯನ್ನು ಹೊರಗೇ ಕಳಿಸಿ ಎನ್ನಬೇಕೆಂದುಕೊಂಡೆ. ಬಾಗಿಲ ಗಂಟೆ ಒತ್ತಿದೆ.

ಒಳಗೆ ನೀರು ಸುರಿಯುವ ಸದ್ದು, ಬೋಮಿಯ ಕಿಲಕಿಲ. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ.

"ಯಾರು?" ಅತ್ತೆಯ ದನಿ, ದೂರದಿಂದ.

"ನಾನು. ಸುಲ್ಗಿ."

"ನೀನಾ? ಗಂಟೆ ಯಾಕೆ ಒತ್ತುತ್ತಾ ನಿಂತಿದೀಯ? ಮಗೂಗೆ ಸ್ನಾನ ಮಾಡಿಸ್ತಿದೀನಿ, ಕೈ ತುಂಬ ಸೋಪು. ಬೀಗದ ಅಂಕಿ ಅದೇನೇ, ಒತ್ಕೊಂಡು ಬಾ."

ಬೀಗದ ಅಂಕಿ ನನ್ನ ಹುಟ್ಟಿದ ದಿನ. ಮದುವೆಯಾದ ವರ್ಷ ಅತ್ತೆ ಅದನ್ನು ಹಾಗೆ ಇಟ್ಟದ್ದು, ಸೊಸೆ ಮರೆಯದಿರಲಿ ಎಂದು. ವಿಚ್ಛೇದನವಾಗಿ ಇಷ್ಟು ದಿನ, ಪ್ರತಿ ಸಲ ಹೊರಗಿಂದ ಬಂದಾಗಲೂ ಅವರು ಅದನ್ನೇ ಒತ್ತಿ ಒಳಗೆ ಹೋಗಿದ್ದಾರೆ.

ಒತ್ತಿದೆ. ಬೀಗ ಕಿರ್ರೆಂದು ತೆರೆಯಿತು. ಕಣ್ಣು ಒರೆಸಿಕೊಳ್ಳುತ್ತಾ ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಅಮ್ಮಾ," ಎಂದು ಬಚ್ಚಲಿಂದ ಬೋಮಿ ಕೂಗಿದಳು, "ಬಾಗ್ಲು ಹಾಕು, ಚಳಿ ಬರ್ತಿದೆ!"

ಒಳಗೆ ಬಂದು ಬಾಗಿಲು ಹಾಕಿದೆ.